ಪ್ರೀತಿಗಿಂತ ಮೊದಲು ಸಾಲದ ಲೆಕ್ಕ ನೋಡುವ ಕೆಲಸ

ಬೆಂಗಳೂರಿನಲ್ಲಿ ಕೂತು ಇಂಗ್ಲೆಂಡ್, ಅಮೆರಿಕದ ಪ್ರಕಾಶಕರಿಗೆ ಕಾಪಿ ಎಡಿಟಿಂಗ್ ಮಾಡುವುದು, ಅಂದರೆ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಹಸ್ತಪ್ರತಿಯ ತಪ್ಪು ಹುಡುಕುವುದು ನನ್ನ ಕೆಲಸ. ಎಲ್ಲ ಥರದ ಪುಸ್ತಕವೂ ಬರುತ್ತದೆ. ಈಚೆಗೆ ಜಾಸ್ತಿ ಬರುತ್ತಿರುವುದು ರೀಜೆನ್ಸಿ ರೊಮಾನ್ಸ್. ಮೂರನೇ ಜಾರ್ಜ್ ದೊರೆಗೆ ಬುದ್ಧಿ ಸ್ಥಿಮಿತ ತಪ್ಪಿ, ಮಗ ರೀಜೆಂಟ್ ಅನ್ನುವ ಹೆಸರಿನಲ್ಲಿ ರಾಜ್ಯಭಾರ ನೋಡಿಕೊಂಡ 1811ರಿಂದ 1820ರವರೆಗಿನ ಕಾಲದ ಪ್ರೇಮಕಥೆಗಳು ಇವು. ಅದರಲ್ಲೂ ಅನುಕೂಲದ ಮದುವೆಯ ಕಥೆಗಳಿಗೆ ಬೇಡಿಕೆ ಹೆಚ್ಚು. ಅವನಿಗೆ ಸಾಲ, ಅವಳ ಕಡೆ ದುಡ್ಡು. ಮದುವೆ ಮೊದಲು, ಪ್ರೀತಿ ಆಮೇಲೆ. ಇದರಲ್ಲಿ ಹೊಸದೇನಿದೆ, ನಮ್ಮದೂ ಹಾಗೇ ಅಲ್ವಾ ಅಂತ ನಮ್ಮಮ್ಮ ಕೇಳುತ್ತಾರೆ.

ಟೀಮಿಗೆ ಹೊಸಬರು ಬಂದರೆ ನಾನು ಹೇಳುವುದು ಇಷ್ಟೇ. ಮೊದಲ ಓದಿನಲ್ಲಿ ಕಾಮಾ, ಸ್ಪೆಲ್ಲಿಂಗ್ ಮುಟ್ಟಬೇಡಿ. ಒಂದು ಹಾಳೆ ತಗೊಂಡು ತಾರೀಖು, ವಯಸ್ಸು, ದುಡ್ಡು, ಯಾರು ಯಾವುದಕ್ಕೆ ಸಹಿ ಹಾಕಿದರು ಅನ್ನುವುದನ್ನು ಮಾತ್ರ ಬರೆದುಕೊಳ್ಳಿ. ಅನುಕೂಲದ ಮದುವೆಯ ಕಾದಂಬರಿ ನಿಂತಿರುವುದೇ ಆ ಕಾಗದಪತ್ರದ ಮೇಲೆ.

ಒಂದು ಹಸ್ತಪ್ರತಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕಥೆ ನಡೆಯುವುದು 1816ರಲ್ಲಿ. ನಾಯಕ ಒಬ್ಬ ಅರ್ಲ್, ಅಂದರೆ ಬಿರುದು ಇರುವ ದೊಡ್ಡ ಮನೆತನದವನು. ಅಪ್ಪ ಜೂಜಾಡಿ 70,000 ಪೌಂಡ್ ಸಾಲ ಬಿಟ್ಟು ಸತ್ತಿದ್ದಾನೆ. ನಾಯಕಿ ಮ್ಯಾಂಚೆಸ್ಟರಿನ ಹತ್ತಿ ಗಿರಣಿ ಮಾಲೀಕನ ಮಗಳು, 19 ವರ್ಷ, ವರದಕ್ಷಿಣೆ 30,000 ಪೌಂಡ್. ಇಬ್ಬರೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಒಂದು ವರ್ಷ ಗಂಡ ಹೆಂಡತಿ ಅಂತ ನಾಟಕ ಆಡುವುದು, ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ಆಮೇಲೆ ಮದುವೆ ರದ್ದು ಮಾಡಿಸಿಕೊಂಡು ತಮ್ಮ ತಮ್ಮ ದಾರಿ. ಇಡೀ ಕಾದಂಬರಿ ಈ ಒಂದು ಗೂಟಕ್ಕೆ ಕಟ್ಟಿದ್ದು.

ಆ ಗೂಟವೇ ಗಟ್ಟಿ ಇಲ್ಲ. ಮುಟ್ಟಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಆಗ ಇಂಗ್ಲೆಂಡಿನಲ್ಲಿ ಮದುವೆ ರದ್ದಾಗುತ್ತಿರಲಿಲ್ಲ. ಬೇಕೆಂದೇ ದೂರ ಉಳಿದರೆ ರದ್ದು ಮಾಡಬಹುದು ಅನ್ನುವ ಕಾನೂನು ಬಂದಿದ್ದು 1937ರಲ್ಲಿ. 1816ರಲ್ಲಾದರೆ ಚರ್ಚ್ ಕೋರ್ಟಿಗೆ ಹೋಗಿ ಗಂಡ ಷಂಡ ಅಂತ ಸಾಬೀತು ಮಾಡಬೇಕು. ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷ ಜೊತೆಗೆ ಬಾಳಿರಬೇಕು, ಡಾಕ್ಟರ್ ಪರೀಕ್ಷೆ ಬೇರೆ. ಡಿವೋರ್ಸ್ ಇನ್ನೂ ದೂರದ ಮಾತು. ಮತ್ತೆ ಮದುವೆಯಾಗಲು ಬಿಡುವಂಥ ಡಿವೋರ್ಸ್ ಬೇಕಾದರೆ ಪಾರ್ಲಿಮೆಂಟಿನಲ್ಲಿ ನಿಮ್ಮ ಹೆಸರಿಗೇ ಒಂದು ಕಾಯ್ದೆ ಪಾಸಾಗಬೇಕು. 1857ರವರೆಗೆ ಹೀಗೇ ಇತ್ತು. ಆ ಥರ ಡಿವೋರ್ಸ್ ಸಿಕ್ಕ ಹೆಂಗಸರು ಬರೀ ನಾಲ್ಕು ಜನ.

ಕೆಲಸದ ಸೂಕ್ಷ್ಮ ಇರುವುದು ಇಲ್ಲಿ. "ಇದು ಕಾನೂನಿನ ಪ್ರಕಾರ ಸಾಧ್ಯವಿಲ್ಲ" ಅಂತ ಅಂಚಿನಲ್ಲಿ ಕಡ್ಡಿ ಮುರಿದ ಹಾಗೆ ಬರೆದರೆ ಲೇಖಕಿ "ಇದು ಕಥೆ, ಇರಲಿ ಬಿಡಿ" ಅಂತ ವಾಪಸ್ ಕಳಿಸುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮುನ್ನೂರು ಪುಟ ಬರೆದವರಿಗೆ ಬುಡವೇ ಸರಿಯಿಲ್ಲ ಅಂದರೆ ಏನು ಮಾಡಿಯಾರು? ಅದಕ್ಕೆ ಕ್ವೆರಿಯಲ್ಲಿ, ಅಂದರೆ ಲೇಖಕರಿಗೆ ಅಂಚಿನಲ್ಲಿ ಬರೆಯುವ ಪ್ರಶ್ನೆಯಲ್ಲಿ, ತೊಂದರೆಯ ಜೊತೆಗೇ ದಾರಿಯನ್ನೂ ಇಡಬೇಕು. ನಾನು ಬರೆದದ್ದು ಹೀಗಿತ್ತು: "ರದ್ದತಿಗೆ ಆಗ ಇದು ಸಾಲುತ್ತಿರಲಿಲ್ಲ. ನಾಯಕನಿಗೆ ಇದು ಗೊತ್ತಿದ್ದು ನಾಯಕಿಗೆ ಗೊತ್ತಿಲ್ಲದಿದ್ದರೆ? ಅಥವಾ ವಕೀಲ ಇಬ್ಬರಿಗೂ ಹೇಳಿದ ಮೇಲೂ ಅವರು ಸಹಿ ಹಾಕಿದರೆ?"

ಸಾಲದ ಲೆಕ್ಕದಲ್ಲೂ ಅಷ್ಟೇ. 30,000 ತಂದು 70,000 ಸಾಲ ಪೂರ್ತಿ ತೀರಿತು ಅಂತ ಹಸ್ತಪ್ರತಿಯಲ್ಲಿತ್ತು. ಉಳಿದ 40,000 ಎಲ್ಲಿ ಹೋಯಿತು? ಅಂಕಿ ಬದಲಿಸಿ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಆಗ ಬಡ್ಡಿಗೆ ಕಾನೂನಿನ ಮಿತಿ 5 ಪರ್ಸೆಂಟ್. 40,000ಕ್ಕೆ ವರ್ಷಕ್ಕೆ 2,000 ಪೌಂಡ್ ಬಡ್ಡಿ. ಅಷ್ಟು ಕಟ್ಟುವವನು ಲಂಡನ್ನಿನಲ್ಲಿ ಮನೆ ಮಾಡಿ ಪಾರ್ಟಿ ಕೊಡುವುದಕ್ಕಾಗುವುದಿಲ್ಲ. ಹಳ್ಳಿಯ ಬಂಗಲೆಯಲ್ಲಿ ಬಾಯಿ ಕಟ್ಟಿಕೊಂಡು ಇರಬೇಕು. ಇವರಿಬ್ಬರೂ ಯಾಕೆ ಹಳ್ಳಿಯಲ್ಲೇ ಉಳಿದರು ಅನ್ನುವುದಕ್ಕೆ ಲೇಖಕಿಯ ಹತ್ತಿರ ಕಾರಣವೇ ಇರಲಿಲ್ಲ. ಉಳಿದ ಸಾಲ ಹಾಗೇ ಇರಲಿ, ಅದೇ ಕಾರಣವಾಗಲಿ ಅಂತ ಬರೆದೆ.

ಹಸ್ತಪ್ರತಿಯಲ್ಲಿ ಮದುವೆ ನಡೆಯುವುದು ಚರ್ಚಿನಲ್ಲಿ, ಸಂಜೆ, ಮೇಣದಬತ್ತಿ ಬೆಳಕಲ್ಲಿ. ಆಗಿನ ನಿಯಮದ ಪ್ರಕಾರ ಬೆಳಗ್ಗೆ 8ರಿಂದ ಮಧ್ಯಾಹ್ನ 12ರ ಒಳಗೆ ತಾಳಿ, ಅಲ್ಲ, ಉಂಗುರ ಬೀಳಬೇಕು. ಮೇಣದಬತ್ತಿ ಬೇಕೇ ಬೇಕು ಅಂದರೆ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ವಿಶೇಷ ಲೈಸೆನ್ಸ್ ಕೊಡಿಸಿ. ಅರ್ಲ್ ಆದವನಿಗೆ ಸಿಗುತ್ತದೆ. ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಮದುವೆ. ಕವಿ ಬೈರನ್ 1815ರ ಜನವರಿ 2ರಂದು ಹೆಣ್ಣಿನ ಮನೆಯ ಡ್ರಾಯಿಂಗ್ ರೂಮಿನಲ್ಲೇ ಮದುವೆಯಾಗಿದ್ದು ಇಂಥ ಲೈಸೆನ್ಸಿನಿಂದ.

ನಾಯಕಿ ಜಗಳವಾಡಿ ಬಾತ್ ಊರಿನಲ್ಲಿ ತನ್ನ ಹೆಸರಿಗೆ ಮನೆ ಕೊಳ್ಳುವ ಅಧ್ಯಾಯವೂ ಇತ್ತು. ಮದುವೆಯಾದ ಹೆಂಗಸಿಗೆ ಅಲ್ಲಿ ಸ್ವಂತ ಆಸ್ತಿ ಹಕ್ಕು ಸರಿಯಾಗಿ ಸಿಕ್ಕಿದ್ದು 1882ರಲ್ಲಿ. ಆದರೆ ಹುಷಾರಾದ ಅಪ್ಪಂದಿರು ಮದುವೆಗೆ ಮುಂಚೆಯೇ ಟ್ರಸ್ಟಿಗಳನ್ನು ಇಟ್ಟು ಮಗಳಿಗೆ ಅಂತಲೇ ದುಡ್ಡು ಕಟ್ಟಿಡುತ್ತಿದ್ದರು. ಗಿರಣಿ ನಡೆಸುವವನಿಗೆ ಅಷ್ಟು ಬುದ್ಧಿ ಇರುವುದಿಲ್ಲವಾ?

ನನ್ನನ್ನು ನಗಿಸಿದ್ದು ನಾಯಕನ ಗೆಳೆಯ. ಶ್ರೀರಂಗಪಟ್ಟಣದ ಲೂಟಿಯಲ್ಲಿ ಪಾಲು ಪಡೆದು ಶ್ರೀಮಂತನಾದ 28ರ ಕ್ಯಾಪ್ಟನ್! ಟಿಪ್ಪು ಸತ್ತಿದ್ದು 1799ರ ಮೇ 4ರಂದು. ಇವನಿಗೆ ಆಗ ಹನ್ನೊಂದು ವರ್ಷ. ಮೈಸೂರಿನವಳ ಕೈಗೆ ಈ ಪುಟ ಸಿಕ್ಕಿದ್ದು ಅವನ ದುರದೃಷ್ಟ. ಆ ದುಡ್ಡು ಚಿಕ್ಕಪ್ಪನದು, ಇವನಿಗೆ ಬಂದಿದ್ದು ವಿಲ್ಲಿನಲ್ಲಿ ಅಂತ ಮಾಡಿ ಅಂದೆ.

ಎಲ್ಲವನ್ನೂ ಕೆದಕಬಾರದು ಕೂಡ. ಈ ಕಾದಂಬರಿಗಳಲ್ಲಿ ಅರ್ಲ್‌ಗಿಂತಲೂ ದೊಡ್ಡ ಬಿರುದಿನ ಡ್ಯೂಕ್‌ಗಳು ಬೀದಿಗೊಬ್ಬರು ಇರುತ್ತಾರೆ, ಎಲ್ಲರ ಹಲ್ಲೂ ಫಳಫಳ. ಓದುವವರು ದುಡ್ಡು ಕೊಡುವುದೇ ಅದಕ್ಕೆ. ನಾನು ಸುಮ್ನೆ ಮುಂದಿನ ಪುಟಕ್ಕೆ ಹೋಗುತ್ತೇನೆ. ಸಾಲ ತೀರಿಸಲು ಯಾರಾದರೂ ನಿಜವಾಗಿ ಮದುವೆಯಾಗುತ್ತಿದ್ದರಾ ಅಂತ ಒಮ್ಮೊಮ್ಮೆ ಲೇಖಕರೇ ಕೇಳುತ್ತಾರೆ. ಮೂರನೇ ಜಾರ್ಜ್ ದೊರೆಯ ಮಗ, ಮುಂದೆ ರೀಜೆಂಟ್ ಆದ ಸಾಹೇಬರೇ ಆಗಿದ್ದರಲ್ಲ! ಆರು ಲಕ್ಷ ಪೌಂಡ್ ದಾಟಿದ ಸಾಲಕ್ಕೆ ಪಾರ್ಲಿಮೆಂಟ್ ಕೈ ಹಿಡಿಯಲಿ ಅಂತ 1795ರಲ್ಲಿ ಬ್ರುನ್ಸ್‌ವಿಕ್‌ನ ಕ್ಯಾರೋಲಿನ್‌ಳನ್ನು ಕಟ್ಟಿಕೊಂಡರು. ಅದಕ್ಕೆ ಹತ್ತು ವರ್ಷ ಮುಂಚೆಯೇ ಗುಟ್ಟಾಗಿ ಮರಿಯಾ ಫಿಟ್ಜ್‌ಹರ್ಬರ್ಟ್ ಜೊತೆ ಮದುವೆ ಆಗಿತ್ತು. ದೊರೆಯ ಒಪ್ಪಿಗೆ ಇಲ್ಲದ್ದರಿಂದ ಅದು ಕಾನೂನಿಗೆ ಲೆಕ್ಕಕ್ಕಿಲ್ಲ. ಇದನ್ನು ಕಾದಂಬರಿಯಲ್ಲಿ ಹಾಕಿದರೆ ನಾನೇ ಜಾಸ್ತಿಯಾಯಿತು ಅಂತ ಕ್ವೆರಿ ಹಾಕುತ್ತಿದ್ದೆನೇನೋ.

ಆ ಲೇಖಕಿ ರದ್ದತಿಯ ಒಪ್ಪಂದವನ್ನು ಕಿತ್ತು ಹಾಕಿದರು. ಬದಲಿಗೆ ವಕೀಲನ ಕೋಣೆಯಲ್ಲಿ ಒಂದು ಹೊಸ ಅಧ್ಯಾಯ ಬಂತು. ಹೊರಗೆ ಬರುವ ಬಾಗಿಲಿಲ್ಲ ಅಂತ ಅವನು ಇಬ್ಬರಿಗೂ ಬಿಡಿಸಿ ಹೇಳುತ್ತಾನೆ. ಅವಳು ಅಪ್ಪನ ಮುಖ ಕೂಡ ನೋಡದೆ ಪೆನ್ನು ತೆಗೆದುಕೊಳ್ಳುತ್ತಾಳೆ. ಪುಸ್ತಕದಲ್ಲೇ ಗಟ್ಟಿ ಅಧ್ಯಾಯ ಅದು. ಒಂದು ಚಿಕ್ಕ ತಕರಾರು ಮಾತ್ರ ಉಳಿಯಿತು. ವಕೀಲ ಬೆಂಕಿಕಡ್ಡಿ ಗೀರಿ ದೀಪ ಹಚ್ಚುತ್ತಾನೆ. ಗೀರುವ ಕಡ್ಡಿ ಅಂಗಡಿಗೆ ಬಂದಿದ್ದು 1827ರಲ್ಲಿ. ಒಲೆಯ ಬೆಂಕಿಯಿಂದ ಹಚ್ಚಿಸೋಣವೇ ಅಂತ ಕೇಳಿ ಕಳಿಸಿದ್ದೇನೆ.