ಮೂರು ಕೌಂಟರ್ ಇರಲಿ, ಸಾಲು ಮಾತ್ರ ಒಂದೇ ಇರಲಿ

ಮೂರು ಕೌಂಟರ್‌ಗೆ ಮೂರು ಸಾಲು ಮಾಡಿದರೆ, ನಾವು ನಿಂತ ಸಾಲೇ ಎಲ್ಲಕ್ಕಿಂತ ಬೇಗ ಸಾಗುವ ಸಾಧ್ಯತೆ ಮೂರರಲ್ಲಿ ಒಂದು. ಪಕ್ಕದ ಸಾಲು ಬೇಗ ಹೋಗುತ್ತಿದೆ ಅನ್ನಿಸುವುದು ಬರೀ ಭ್ರಮೆಯಲ್ಲ, ಲೆಕ್ಕವೇ ಹಾಗಿದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಯಾವ ಕೌಂಟರ್ ಖಾಲಿಯಾಗುತ್ತದೋ ಅಲ್ಲಿಗೆ ಕಳಿಸಬೇಕು. ಯಾರದೋ ಕಾಗದಪತ್ರದ ತೊಡಕಿನಿಂದ ಒಂದು ಕೌಂಟರ್ ಕಾಲು ಗಂಟೆ ನಿಂತುಹೋದರೂ ಉಳಿದೆರಡು ನಡೆಯುತ್ತಿರುತ್ತವೆ. ಮೊದಲು ಬಂದವರಿಗೆ ಮೊದಲು ಸರದಿಯೂ ಸಿಗುತ್ತದೆ. ಜನರನ್ನು ಕೆರಳಿಸುವುದು ಕಾಲುನೋವಿಗಿಂತ ಹೆಚ್ಚಾಗಿ, ತಮ್ಮ ನಂತರ ಬಂದವರು ಮೊದಲು ಕೆಲಸ ಮುಗಿಸಿಕೊಂಡು ಹೋಗುವುದು.

ಒಂದೇ ಸಾಲಿನ ವ್ಯವಸ್ಥೆ ಕೆಡುವುದು ಅದರ ಮುಂತುದಿಯಲ್ಲಿ. ಕೌಂಟರ್ ಖಾಲಿಯಾದದ್ದು ಮೊದಲು ನಿಂತವರಿಗೆ ಕಾಣುವುದಿಲ್ಲ. ಹಿಂದಿನವರು ‘ಹೋಗಿ, ಹೋಗಿ’ ಅನ್ನುವಷ್ಟರಲ್ಲಿ ಕೆಲವು ಸೆಕೆಂಡು ಸೋರಿಹೋಗಿರುತ್ತದೆ. ಪ್ರತಿಯೊಬ್ಬರ ಸರದಿಯಲ್ಲೂ ಹೀಗೇ ಆಗುತ್ತದೆ. ಎಲ್ಲ ಕೌಂಟರ್‌ಗಳೂ ಕಾಣುವ ಕಡೆ ಸಾಲಿನ ಮುಂತುದಿ ಇರಲಿ. ತೀರಾ ದೂರದ ಕೌಂಟರ್ ಬಳಿ ಮುಂದಿನವರೊಬ್ಬರನ್ನು ಮೊದಲೇ ನಿಲ್ಲಿಸಿಕೊಳ್ಳಿ. ಜನ ಕಡಿಮೆಯಾದಾಗ, ಸಾಲು ಸುತ್ತಿಬರಲೆಂದು ಕಟ್ಟಿದ ಹಗ್ಗ ಬಿಚ್ಚಿ ನೇರ ದಾರಿ ಬಿಡಿ. ಇಲ್ಲವಾದರೆ ಖಾಲಿ ಸುತ್ತು ಹಾಕಲು ಬೇಸರಪಟ್ಟು ಹಗ್ಗದಡಿ ನುಸುಳುತ್ತಾರೆ, ಜಗಳ ಅಲ್ಲೇ ಶುರು.

ಎಷ್ಟು ಹೊತ್ತು ಅಂತ ಹೇಳುವುದೂ ಕಷ್ಟವಲ್ಲ. ಸಾಲಿನಲ್ಲಿ 40 ಜನ ಇದ್ದು, ನಿಮಿಷಕ್ಕೆ ಇಬ್ಬರ ಕೆಲಸ ಮುಗಿಯುತ್ತಿದ್ದರೆ 20 ನಿಮಿಷ. ಅಮೆರಿಕದ ವಿದ್ವಾಂಸ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದ ತಿರುಳು ಇದೇ. ಫಲಕದಲ್ಲಿ 25 ಅಂತ ಬರೆಯುವುದು ಒಳ್ಳೆಯದು. ಹೇಳಿದ್ದಕ್ಕಿಂತ ಐದು ನಿಮಿಷ ಮೊದಲೇ ಸರದಿ ಬಂದರೆ ಸಮಾಧಾನ, ಐದು ನಿಮಿಷ ತಡವಾದರೆ ಆಮೇಲೆ ಆ ಫಲಕವನ್ನು ಯಾರೂ ನಂಬುವುದಿಲ್ಲ.

ಇನ್ನು ಎಷ್ಟು ಸಿಬ್ಬಂದಿ ಬೇಕು? ಹೆಚ್ಚಿನ ಕಡೆ ಲೆಕ್ಕ ತಪ್ಪುವುದು ಇಲ್ಲೇ. ಟೆಲಿಫೋನ್ ಕರೆಗಳು ಸಮ ಅಂತರದಲ್ಲಿ ಬರುವುದಿಲ್ಲ, ಅಡ್ಡಾದಿಡ್ಡಿಯಾಗಿ ಬರುತ್ತವೆ ಎಂಬುದನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಲ್ಲೇ ಗಣಿತದಲ್ಲಿ ಹಿಡಿದಿಟ್ಟರು. ಜನ ಬರುವುದೂ ಹಾಗೆಯೇ. ಒಂದೇ ಕೌಂಟರ್, ಒಬ್ಬರಿಗೆ ಸರಾಸರಿ 3 ನಿಮಿಷದ ಕೆಲಸ ಅಂದುಕೊಳ್ಳಿ. ಆ ಸಮಯವೂ ಒಬ್ಬರಿಂದ ಒಬ್ಬರಿಗೆ ಬಹಳ ಏರುಪೇರಾಗುತ್ತದೆ. ಕೌಂಟರ್ ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸರಾಸರಿ ಕಾಯುವಿಕೆ 12 ನಿಮಿಷ, ಶೇ. 90 ಆದರೆ 27, ಶೇ. 95 ಆದರೆ 57. ಗುಮಾಸ್ತರು ಗಂಟೆಗೆ 12 ನಿಮಿಷ ಸುಮ್ಮನೆ ಕೂತಿರುತ್ತಾರೆ ಅಂತ ಇನ್ನಷ್ಟು ಜನರನ್ನು ಆ ಕೌಂಟರ್‌ಗೆ ತಿರುಗಿಸಿ, ಆ ಬಿಡುವನ್ನು 3 ನಿಮಿಷಕ್ಕೆ ಇಳಿಸಿದರೆ, ಸಾಲಿನಲ್ಲಿರುವ ಪ್ರತಿಯೊಬ್ಬರೂ ಸರಾಸರಿ ಮುಕ್ಕಾಲು ಗಂಟೆ ಹೆಚ್ಚು ನಿಲ್ಲಬೇಕಾಗುತ್ತದೆ.