ನೀರಿನ ಮುಳ್ಳು ನಡುವಿನಲ್ಲೇ ಇತ್ತು, ಆಯಿಲ್ 138 ದಾಟಿತ್ತು

ಟ್ರ್ಯಾಕ್ ಡೇ, ಅಂದರೆ ನಮ್ಮದೇ ಗಾಡಿಯನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ. ಎರಡನೇ ಸೆಷನ್‌ನ ಆರನೇ ಲ್ಯಾಪ್. ಉದ್ದನೆಯ ನೇರ ಭಾಗಕ್ಕೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಗಾಡಿ ಎದ್ದೇಳಲೇ ಇಲ್ಲ. ಸದ್ದು ಇದೆ, ಎಳೆತ ಇಲ್ಲ. ಹಿಂದೆ ಬರುತ್ತಿದ್ದ ನಾಲ್ಕು ಗಾಡಿಗಳು ಒಂದೊಂದಾಗಿ ನನ್ನನ್ನು ದಾಟಿಕೊಂಡು ಹೋದವು. ಡ್ಯಾಶ್‌ಬೋರ್ಡ್ ನೋಡಿದರೆ ಕೂಲೆಂಟ್ ಮುಳ್ಳು, ಅಂದರೆ ಎಂಜಿನ್ ತಣಿಸುವ ನೀರಿನ ಬಿಸಿ ತೋರಿಸುವ ಮುಳ್ಳು, ಅಲುಗಾಡದೆ ನಡುವಿನಲ್ಲೇ ಕೂತಿದೆ. ಬೆಳಿಗ್ಗೆ ಬರುವಾಗ ದಾರಿಯುದ್ದಕ್ಕೂ ಎಲ್ಲಿತ್ತೋ ಅಲ್ಲೇ. ಹಜಾರ್ಡ್ ಲೈಟ್ ಹಾಕಿಕೊಂಡು ನಿಧಾನಕ್ಕೆ ಟ್ರ್ಯಾಕ್ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಪಿಟ್‌ಗೆ ಬಂದೆ.

ಅಲ್ಲಿದ್ದ ಹಿರಿಯ ಇನ್‌ಸ್ಟ್ರಕ್ಟರ್ ಕಿಟಕಿ ಹತ್ತಿರ ಬಗ್ಗಿ ಕೇಳಿದರು. "ಆಯಿಲ್ ಎಷ್ಟಿದೆ ರೀ?"

"ಫುಲ್ ಇದೆ ಸರ್. ನಿನ್ನೆ ರಾತ್ರಿನೇ ಚೆಕ್ ಮಾಡಿದೀನಿ."

"ಲೆವೆಲ್ ಅಲ್ಲ, ಟೆಂಪರೇಚರ್."

ಗಾಡಿ ಕೊಂಡು ಎರಡು ವರ್ಷ ಆಗಿತ್ತು. ಆ ಸಂಖ್ಯೆ ಎಲ್ಲಿ ಕಾಣುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಸ್ಟೀರಿಂಗ್ ಮೇಲಿನ ಬಟನ್ ಒತ್ತುತ್ತಾ ಹೋದೆ. ಟ್ರಿಪ್ ಮೀಟರ್, ಮೈಲೇಜ್, ಟೈರ್ ಗಾಳಿ ಎಲ್ಲ ಆದ ಮೇಲೆ ಐದನೇ ಪುಟದಲ್ಲಿ ಸಿಕ್ಕಿತು. 138 ಡಿಗ್ರಿ ಸೆಲ್ಸಿಯಸ್. ಅದೂ ಅರ್ಧ ಲ್ಯಾಪ್ ತೆವಳಿಕೊಂಡು ಬಂದ ಮೇಲೆ. ಗಾಡಿಯ ಕಂಪ್ಯೂಟರ್ ಎಂಜಿನ್ ಉಳಿಸಲು ತಾನೇ ಪವರ್ ಇಳಿಸಿತ್ತು. ಲಿಂಪ್ ಮೋಡ್ ಅನ್ನುವುದು ಇದಕ್ಕೇ.

ಹಾಗಾಗಿ ಮೊದಲ ಸಲ ಟ್ರ್ಯಾಕ್ ಡೇಗೆ ಹೊರಟಿರುವವರಿಗೆ ಮೊದಲ ಮಾತು ಇದು. ಆ ಪುಟ ಎಲ್ಲಿದೆ ಅಂತ ಮನೆಯಲ್ಲೇ ಹುಡುಕಿಟ್ಟುಕೊಳ್ಳಿ. ಗಾಡಿಯಲ್ಲಿ ಇಲ್ಲದಿದ್ದರೆ ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಸಾಕೆಟ್ಟಿಗೆ ಒಂದು ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಫೋನಿನಲ್ಲಿ ನೋಡಬಹುದು. ಓಬಿಡಿ ಪಟ್ಟಿಯಲ್ಲಿ ಆಯಿಲ್ ಟೆಂಪರೇಚರ್‌ನ ಕೋಡ್ 5ಸಿ. ಎಲ್ಲ ಗಾಡಿಗಳೂ ಅದನ್ನು ಕೊಡುವುದಿಲ್ಲ. ಕೆಲವು ಗಾಡಿಗಳಲ್ಲಿ ಸೆನ್ಸರೇ ಇರುವುದಿಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ಒಂದು ಸಂಖ್ಯೆ ತೋರಿಸುತ್ತದೆ. ಅಂಥ ಗಾಡಿಗೆ ಬೇರೆ ಸೆನ್ಸರ್ ಹಾಕಿಸುವುದೇ ಸರಿ.

ನೀರಿನ ಮುಳ್ಳನ್ನು ನಂಬಬೇಡಿ. ತುಂಬಾ ಗಾಡಿಗಳಲ್ಲಿ ಆ ಮುಳ್ಳು ಬೇಕೆಂದೇ ನಡುವಿನಲ್ಲಿ ನಿಲ್ಲುವ ಹಾಗೆ ಮಾಡಿರುತ್ತಾರೆ. ಕೂಲೆಂಟ್ ಹತ್ತಿಪ್ಪತ್ತು ಡಿಗ್ರಿ ಮೇಲೆ ಕೆಳಗೆ ಆದರೂ ಅದು ಅಲ್ಲಾಡಲ್ಲ. ಅಲ್ಲದೆ ನೀರಿಗೆ ದೊಡ್ಡ ರೇಡಿಯೇಟರ್ ಇದೆ, ಫ್ಯಾನ್ ಇದೆ. ಆಯಿಲ್‌ಗೆ ಎಷ್ಟೋ ಗಾಡಿಗಳಲ್ಲಿ ಅಂಗೈಯಗಲದ ಒಂದು ಕೂಲರ್ ಇದ್ದರೆ ಹೆಚ್ಚು. ಕೆಲಸ ಮಾತ್ರ ಕಡಿಮೆ ಏನಿಲ್ಲ. ಬೇರಿಂಗ್‌ಗಳ ಉಜ್ಜಾಟದ ಬಿಸಿ ಅದಕ್ಕೇ. ಪಿಸ್ಟನ್ ತಳಕ್ಕೆ ಚಿಮ್ಮಿ ಅಲ್ಲಿನ ಬಿಸಿ ಹೊತ್ತು ತರುವುದೂ ಅದೇ. ಟರ್ಬೊ ಇದ್ದರೆ ಅದರ ಶಾಫ್ಟ್ ತಣಿಸುವುದೂ ಅದೇ. ನಿಸಾನ್ 370ಝಡ್ ಶುರುವಿನಲ್ಲಿ ಟ್ರ್ಯಾಕ್‌ನಲ್ಲಿ ಆಯಿಲ್ ಬಿಸಿಯಾಗಿ ಪವರ್ ಇಳಿಸುವುದಕ್ಕೆ ಹೆಸರಾಗಿತ್ತು. ಮುಂದೆ ಕಂಪನಿಯೇ ಸ್ಪೋರ್ಟ್ ಮಾಡೆಲ್‌ಗಳಿಗೆ ಆಯಿಲ್ ಕೂಲರ್ ಕೊಟ್ಟಿತು. ಅಂದರೆ ಇದು ನನ್ನೊಬ್ಬನ ಗಾಡಿಯ ಗೋಳಲ್ಲ.

ಹೊರಡುವ ಹಿಂದಿನ ಸಂಜೆಗೆ ಬರೋಣ. ಆಯಿಲ್ ಲೆವೆಲ್ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ನೋಡುವಾಗ ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಎಂಜಿನ್ ಬೆಚ್ಚಗಾಗಿ, ಆಫ್ ಮಾಡಿ ಐದು ಹತ್ತು ನಿಮಿಷ ಆಗಿರಲಿ. ಇದು ಸಾಮಾನ್ಯ ಗಾಡಿಗಳ ಮಾತು, ನಿಮ್ಮ ಗಾಡಿಯ ಪುಸ್ತಕ ಒಮ್ಮೆ ನೋಡಿಬಿಡಿ. 1998ರವರೆಗೆ ಬಂದ ಗಾಳಿಯಿಂದ ತಣಿಯುವ ಪೋರ್ಶೆ 911ಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಲೆವೆಲ್ ನೋಡಬೇಕು. ಟ್ರ್ಯಾಕ್‌ಗಾದರೆ ಆಯಿಲ್ ಮೇಲಿನ ಗುರುತಿನ ಹತ್ತಿರ ಇರಬೇಕು. ಕಾರಣ ಉದ್ದನೆಯ ತಿರುವುಗಳು. ಅಲ್ಲಿ ಸಂಪ್‌ನೊಳಗಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಎಲ್ಲ ಒಂದು ಪಕ್ಕಕ್ಕೆ ಒತ್ತರಿಸಿಕೊಳ್ಳುತ್ತದೆ. ಲೆವೆಲ್ ಕಡಿಮೆ ಇದ್ದರೆ ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ.

ಹಾಗಂತ ಗುರುತು ದಾಟಿಸಬೇಡಿ. ನಾನು ದಾಟಿಸಿದ್ದೆ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅಂತ ಸುಮ್ನೆ ಒಂದು ಕೈ ಜಾಸ್ತಿ ಸುರಿದಿದ್ದೆ. ಲೆವೆಲ್ ಮೀರಿದರೆ ಕ್ರ್ಯಾಂಕ್‌ಶಾಫ್ಟ್ ಆ ಆಯಿಲ್ ಅನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ನೊರೆ ಬರುತ್ತದೆ, ಬಿಸಿಯೂ ಏರುತ್ತದೆ. 138ರಲ್ಲಿ ನನ್ನ ಈ ಬುದ್ಧಿವಂತಿಕೆಯ ಪಾಲೂ ಇತ್ತು ಅನ್ನಿಸುತ್ತದೆ. ಪ್ಯಾಡಕ್‌ನಲ್ಲಿ (ಪಿಟ್ ಹಿಂದೆ ಗಾಡಿ ನಿಲ್ಲಿಸುವ ಅಂಗಳ) ಗಾಡಿ ಆರಿದ ಮೇಲೆ, ಒಬ್ಬರು ಪುಣ್ಯಾತ್ಮರು ತಂದಿದ್ದ ಕೈಪಂಪಿನಲ್ಲಿ ಡಿಪ್‌ಸ್ಟಿಕ್ ಕೊಳವೆಯಿಂದ ಹೆಚ್ಚಾದದ್ದನ್ನು ಎಳೆದು ತೆಗೆದೆವು. ಡಿಪ್‌ಸ್ಟಿಕ್ ತುದಿಯಿಂದ ಆಯಿಲ್ ಇನ್ನೂ ನೀರಿನ ಹಾಗೆ ತೊಟ್ಟಿಕ್ಕುತ್ತಿತ್ತು. ಹಿಂದಿನ ಸಂಜೆ ಇದೇ ಆಯಿಲ್ ಕಡ್ಡಿಗೆ ಜೇನಿನಂತೆ ಅಂಟಿಕೊಂಡಿತ್ತು.

ಬಿಸಿ ಏರಿದರೆ ಆಗುವ ಅಪಾಯ ಈ ತೆಳುವಾಗುವುದರಲ್ಲೇ ಇದೆ. ಆಯಿಲ್ ಹೊತ್ತಿಕೊಳ್ಳುತ್ತದೆ ಅಂತ ಹೆದರಬೇಕಿಲ್ಲ, ಅದಕ್ಕೆ 200 ಡಿಗ್ರಿ ದಾಟಬೇಕು. 100 ಡಿಗ್ರಿಯಲ್ಲಿದ್ದ ದಪ್ಪ 130ಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿದಿರುತ್ತದೆ. ಬೇರಿಂಗ್ ಮತ್ತು ಶಾಫ್ಟ್ ಒಂದಕ್ಕೊಂದು ತಾಗದ ಹಾಗೆ ನಡುವೆ ಇರುವುದು ಕೂದಲಿಗಿಂತ ತೆಳ್ಳನೆಯ ಆಯಿಲ್ ಪದರ. ಆಯಿಲ್ ತೆಳುವಾದಂತೆ ಆ ಪದರವೂ ತೆಳುವಾಗುತ್ತದೆ, ಪ್ರೆಶರ್ ಕೂಡ ಇಳಿಯುತ್ತದೆ. ಅದಕ್ಕೇ ಪ್ರೆಶರ್ ಗೇಜ್ ಇದ್ದವರು ಎರಡನ್ನೂ ಒಟ್ಟಿಗೆ ನೋಡಬೇಕು. ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 10 ಪಿಎಸ್‌ಐ ಪ್ರೆಶರ್ ಅನ್ನುವುದು ಹಳೇ ಮೆಕ್ಯಾನಿಕ್‌ಗಳ ಅಂದಾಜು. ಪಕ್ಕಾ ನಿಯಮ ಅಲ್ಲ, ಆದರೆ ಅದಕ್ಕಿಂತ ತುಂಬಾ ಕೆಳಗೆ ಬಂದರೆ ನಾನಂತೂ ಪಿಟ್ ಕಡೆ ತಿರುಗುತ್ತೇನೆ.

ಮೂರನೇ ಸೆಷನ್‌ಗೆ ಆ ಇನ್‌ಸ್ಟ್ರಕ್ಟರ್ ನನ್ನ ಪಕ್ಕ ಕೂತರು. ಅವರ ಕೆಲಸ ಎರಡೇ. ಸಂಖ್ಯೆ ಓದುವುದು, ನನ್ನ ಗೇರ್ ಬದಲಿಸುವುದು.

"ಇಲ್ಲಿ ಮೂರನೇ ಗೇರ್ ಯಾಕೆ? ನಾಲ್ಕರಲ್ಲಿ ಬನ್ನಿ."

ನಾನು ಪ್ರತಿ ತಿರುವಿನಲ್ಲೂ ಕೆಳಗಿನ ಗೇರ್‌ಗೆ ಹಾಕಿ ಎಂಜಿನ್ ಅನ್ನು ಆರ್‌ಪಿಎಂ ಮೀಟರಿನ ಕೆಂಪು ಗೆರೆಯ ಹತ್ತಿರವೇ ಕಿರುಚಿಸುತ್ತಿದ್ದೆ. ಆಯಿಲ್ ಕಾಯುವುದರಲ್ಲಿ ಆರ್‌ಪಿಎಂ ಪಾಲು ದೊಡ್ಡದು. ವೇಗ ಅಷ್ಟೇ ಇದ್ದರೂ 6500ರ ಜಾಗದಲ್ಲಿ 5000ದಲ್ಲಿ ಓಡಿಸಿದರೆ ಉಜ್ಜಾಟ ಎಷ್ಟೋ ಕಡಿಮೆ. ಎರಡು ಮಧ್ಯಮ ವೇಗದ ತಿರುವುಗಳನ್ನು ನಾಲ್ಕನೇ ಗೇರಿನಲ್ಲಿ ತೆಗೆದುಕೊಂಡೆ. ನೇರ ಭಾಗದಲ್ಲಿ ಕೆಂಪು ಗೆರೆಗೆ 800 ಆರ್‌ಪಿಎಂ ಮೊದಲೇ ಗೇರ್ ಏರಿಸಿದೆ. ಅವರು ಸಂಖ್ಯೆಗಳನ್ನು ಜೋರಾಗಿ ಹೇಳುತ್ತಾ ಹೋದರು. 104, 111, 117, 122. ನಾಲ್ಕನೇ ಲ್ಯಾಪ್‌ಗೆ 124. ಅಲ್ಲಿಂದ ಏರುವುದು ನಿಧಾನವಾಯಿತು. ಸೆಷನ್ ಪೂರ್ತಿ 126 ದಾಟಲಿಲ್ಲ. ಲ್ಯಾಪ್ ಟೈಮ್ ಅರ್ಧ ಸೆಕೆಂಡು ಕೂಡ ಹೋಗಲಿಲ್ಲ. ಆ ಕಿರುಚಾಟ ಎಲ್ಲ ಏನಕ್ಕಿತ್ತೋ.

ಅವರು ಕೊಟ್ಟ ಅಂಕಿಗಳನ್ನೇ ನಾನು ಈಗಲೂ ಇಟ್ಟುಕೊಂಡಿದ್ದೇನೆ. ಆಯಿಲ್ 80 ಮುಟ್ಟುವ ತನಕ ಜೋರು ಮಾಡಬಾರದು. ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ಹತ್ತು ನಿಮಿಷ ಹಿಂದೆ ಇರುತ್ತದೆ. 100ರಿಂದ 120 ಆರಾಮು. 130 ಬಂದರೆ ಒಂದು ಲ್ಯಾಪ್ ತಣ್ಣಗೆ ಓಡಿಸುವುದು. 140 ಕಡೆಗೆ ಹೊರಟರೆ ಸೆಷನ್ ಮುಗಿಯಿತು ಅಂತಲೇ ಅರ್ಥ. ಒಳ್ಳೆಯ ಸಿಂಥೆಟಿಕ್ ಆಯಿಲ್ ಅದಕ್ಕಿಂತ ಮೇಲೂ ಸ್ವಲ್ಪ ಹೊತ್ತು ತಡೆಯುತ್ತದೆ, ನಿಜ. ಆದರೆ ಸೆನ್ಸರ್ ಸಂಪ್‌ನಲ್ಲಿದ್ದರೆ ಅದು ತೋರಿಸುವುದು ಸಂಪ್‌ನ ಬಿಸಿ. ಬೇರಿಂಗ್ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತದೆ.

ತಣ್ಣಗೆ ಓಡಿಸುವುದು ಅಂದರೆ ತೆವಳುವುದಲ್ಲ. ಇದನ್ನು ತುಂಬಾ ಜನ ತಪ್ಪು ಮಾಡುತ್ತಾರೆ. ತಣಿಸುವುದು ಗಾಳಿ, ಗಾಳಿ ಬರಬೇಕಾದರೆ ವೇಗ ಬೇಕು. ಮೇಲಿನ ಗೇರ್ ಹಾಕಿ, 3000 ಆರ್‌ಪಿಎಂ ಒಳಗೆ, ಬ್ರೇಕ್ ಮುಟ್ಟದೆ ಹರಿಯುವ ಹಾಗೆ ಓಡಿಸಿ. ಹಿಂದಿನವರಿಗೆ ದಾರಿ ಬಿಡಿ. ಒಂದೇ ಲ್ಯಾಪ್‌ಗೆ 8ರಿಂದ 10 ಡಿಗ್ರಿ ಇಳಿದದ್ದು ನೋಡಿದ್ದೇನೆ.

ನಾಲ್ಕನೇ ಸೆಷನ್‌ನಲ್ಲಿ ಇದರ ಉಲ್ಟಾ ಪಾಠ ಸಿಕ್ಕಿತು. ನನ್ನಷ್ಟೇ ವೇಗದ ಒಂದು ಗಾಡಿಯ ಬಾಲ ಹಿಡಿದು ಮೂರು ಲ್ಯಾಪ್ ಓಡಿಸಿದೆ. ಮಜಾ ಇತ್ತು. 121 ಇದ್ದದ್ದು 131 ಆಯಿತು. ಮುಂದಿನ ಗಾಡಿಯ ಮರೆಯಲ್ಲಿ ನನ್ನ ರೇಡಿಯೇಟರ್‌ಗೆ ಹೊಸ ಗಾಳಿಯೇ ಸಿಗುತ್ತಿರಲಿಲ್ಲ, ಸಿಕ್ಕಿದ್ದೆಲ್ಲ ಅದು ಬಿಟ್ಟ ಬಿಸಿ ಗಾಳಿ. ನೇರ ಭಾಗದಲ್ಲಾದರೂ ಅರ್ಧ ಗಾಡಿಯಷ್ಟು ಪಕ್ಕಕ್ಕೆ ಸರಿದು ಓಡಿಸಬೇಕು. ಇಲ್ಲವೇ ಹತ್ತು ಸೆಕೆಂಡು ಅಂತರ ಬಿಟ್ಟುಕೊಳ್ಳಬೇಕು.

ತೀರಾ ಇಕ್ಕಟ್ಟಾದರೆ ಹೀಟರ್ ಫುಲ್ ಹಾಕುವ ಹಳೇ ಉಪಾಯ ಇದೆ. ಅದು ನೀರಿನ ಬಿಸಿಯನ್ನು ಎಳೆಯುತ್ತದೆ. ನೀರಿನ ಮೂಲಕ ಆಯಿಲ್ ತಣಿಸುವ ಗಾಡಿಗಳಲ್ಲಿ ಆಯಿಲ್‌ಗೂ ಸ್ವಲ್ಪ ಉಪಕಾರ. ಹೆಲ್ಮೆಟ್ ಹಾಕಿಕೊಂಡು ಬಿಸಿಲಲ್ಲಿ ಹೀಟರ್ ಮುಂದೆ ಕೂರುವ ಸುಖ ಒಂದು ಸಲ ಸಾಕು.

ಪಿಟ್‌ಗೆ ಬಂದ ಮೇಲೆ ಕೀಲಿ ತಿರುಗಿಸುವ ಆತುರ ಬೇಡ, ಟರ್ಬೊ ಗಾಡಿಗಳಲ್ಲಿ ಮುಖ್ಯವಾಗಿ. ಬಿಸಿ ಟರ್ಬೊ ಒಳಗೆ ಆಯಿಲ್ ಹರಿಯದೆ ನಿಂತರೆ ಅಲ್ಲೇ ಸುಟ್ಟು ಇದ್ದಿಲಾಗುತ್ತದೆ. ಪ್ಯಾಡಕ್‌ನಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಆಫ್ ಮಾಡಿ. ಬಾನೆಟ್ ಎತ್ತಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಡಿಸ್ಕಿಗೆ ಪ್ಯಾಡ್ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಒಂದು ಅಡ್ಡ ಕೊಡಿ.

ಇನ್ನು ಯಾವ ಆಯಿಲ್ ಅನ್ನುವ ಪ್ರಶ್ನೆ. ಡಬ್ಬದ ಮೇಲಿನ 5ಡಬ್ಲ್ಯೂ-30ರಲ್ಲಿ ಕೊನೆಯ ಅಂಕಿ ಬಿಸಿಯಲ್ಲಿನ ದಪ್ಪ ಹೇಳುತ್ತದೆ. 100 ಡಿಗ್ರಿಯಲ್ಲಿ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ) ಒಳಗೆ ಇರಬೇಕು, 40ರದ್ದು 12.5ರಿಂದ 16.3 ಒಳಗೆ. ಅದರಾಚೆ 150 ಡಿಗ್ರಿಯಲ್ಲಿ, ಜೋರು ಉಜ್ಜಾಟದ ನಡುವೆ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅಂತ ಅಳೆಯುವ ಎಚ್‌ಟಿಎಚ್‌ಎಸ್ ಅನ್ನುವ ಸಂಖ್ಯೆ ಇದೆ. ಟ್ರ್ಯಾಕ್‌ಗೆ ಹೋಗುವವರು ನೋಡಬೇಕಾದದ್ದು ಅದು. 30ರ ಆಯಿಲ್‌ಗೆ ಕನಿಷ್ಠ 2.9 ಇದ್ದರೆ ಸಾಕು, 5ಡಬ್ಲ್ಯೂ-40ಕ್ಕೆ 3.5 ಬೇಕು. ನನ್ನ ಗಾಡಿಯ ಪುಸ್ತಕ ಎರಡಕ್ಕೂ ಒಪ್ಪುತ್ತದೆ, ಹಾಗಾಗಿ ಮುಂದಿನ ಸಲಕ್ಕೆ 5ಡಬ್ಲ್ಯೂ-40 ಹಾಕಿಸಿದೆ. ಪುಸ್ತಕ ಒಪ್ಪದಿದ್ದರೆ ದಪ್ಪ ಆಯಿಲ್ ಹಿಂದೆ ಬೀಳಬೇಡಿ. ದಪ್ಪ ಆಯಿಲ್ ಬಿಸಿ ಇಳಿಸುವುದಿಲ್ಲ, ಬಿಸಿಯನ್ನು ತಡೆಯುತ್ತದೆ ಅಷ್ಟೇ.

ಬಿಸಿ ನಿಜವಾಗಿ ಇಳಿಸುವುದು ಕೂಲರ್. ಅದನ್ನೂ ಹಾಕಿಸಿದೆ, ಅದರಲ್ಲೂ ಎಡವಿದೆ. ಮೊದಲು ಹೋದ ಗ್ಯಾರೇಜಿನವರು ಆಯಿಲ್ ಅನ್ನು ಕೂಲರ್ ಕಡೆ ತಿರುಗಿಸುವ ಪ್ಲೇಟ್ ಅನ್ನು ಥರ್ಮೋಸ್ಟಾಟ್ ಇಲ್ಲದ್ದು ಹಾಕಿ ಕಳಿಸಿದರು. ತಂಪು ಬೆಳಗಿನಲ್ಲಿ ಒಂದು ಗಂಟೆ ಹೆದ್ದಾರಿ ಓಡಿಸಿದರೂ ಆಯಿಲ್ 68 ದಾಟಲಿಲ್ಲ. ಇದೂ ಕೆಟ್ಟದ್ದೇ. ಆಯಿಲ್ ಚೆನ್ನಾಗಿ ಬಿಸಿಯಾಗದಿದ್ದರೆ ಅದರಲ್ಲಿ ಸೇರಿದ ನೀರಿನಂಶ, ಪೆಟ್ರೋಲ್ ಅಂಶ ಆವಿಯಾಗಿ ಹೋಗದೆ ಉಳಿದುಬಿಡುತ್ತವೆ. ಥರ್ಮೋಸ್ಟಾಟ್ ಇದ್ದರೆ ಸುಮಾರು 80-90 ಡಿಗ್ರಿ ಆಗುವವರೆಗೆ ಆಯಿಲ್ ಕೂಲರ್ ಕಡೆ ಹೋಗುವುದಿಲ್ಲ. ಪ್ಲೇಟ್ ಬದಲಿಸಿದ ಮೇಲೆ ಸರಿಹೋಯಿತು. ಕೂಲರ್ ಸುತ್ತಲಿನ ಸಂದುಗಳನ್ನು ಫೋಮ್ ಇಟ್ಟು ಮುಚ್ಚಿಸಿ. ಇಲ್ಲದಿದ್ದರೆ ಗಾಳಿ ಕೂಲರ್ ಒಳಗೆ ನುಗ್ಗುವ ಕಷ್ಟ ಯಾಕೆ ಅಂತ ಪಕ್ಕದಿಂದ ಹೋಗಿಬಿಡುತ್ತದೆ. ಮುಂದಿನ ಟ್ರ್ಯಾಕ್ ಡೇಯಲ್ಲಿ, ಅಷ್ಟೇ ಬಿಸಿಲಲ್ಲಿ, ಅತಿ ಹೆಚ್ಚು ಕಂಡದ್ದು 118.

ಆದರೂ ಮೊದಲ ಟ್ರ್ಯಾಕ್ ಡೇಗೆ ಮುಂಚೆಯೇ ಕೂಲರ್‌ಗೆ ದುಡ್ಡು ಸುರಿಯಬೇಡಿ ಅಂತಲೇ ನಾನು ಹೇಳುವುದು. ಗೇರ್ ಬದಲಿಸಿದ್ದು, ಹೆಚ್ಚಾದ ಆಯಿಲ್ ತೆಗೆದದ್ದು, ಇವೆರಡೇ ನನಗೆ ಹತ್ತು ಹನ್ನೆರಡು ಡಿಗ್ರಿ ಇಳಿಸಿಕೊಟ್ಟಿದ್ದವು. 15-20 ನಿಮಿಷದ ಸೆಷನ್ ಆದರೆ ಸಂಖ್ಯೆ ನೋಡಿಕೊಂಡು ಓಡಿಸಿದರೆ ನಡೆಯುತ್ತದೆ. ಅರ್ಧ ಗಂಟೆ ಬಿಡದೆ ಓಡಿಸುವ ಆಸೆ ಇದ್ದರೆ ಆಗ ಯೋಚಿಸಿ. ಹೊರಡುವ ಮುನ್ನ ರೇಡಿಯೇಟರ್ ಜಾಲರಿಯಲ್ಲಿ ಸಿಕ್ಕಿಕೊಂಡ ಹುಳು, ಎಲೆ, ಧೂಳು ತೆಗೆಯಿರಿ. ಖರ್ಚಿಲ್ಲದ ಕೆಲಸ, ಯಾರೂ ಮಾಡುವುದಿಲ್ಲ.

ವಾಪಸ್ ಬರುವ ದಾರಿಗೂ ಒಂದು ಲೀಟರ್ ಅದೇ ಆಯಿಲ್ ಡಿಕ್ಕಿಯಲ್ಲಿರಲಿ, ಜೊತೆಗೆ ಒಂದು ಆಲಿಕೆ, ಹಳೇ ಬಟ್ಟೆ. ಹೆಚ್ಚು ಆರ್‌ಪಿಎಂನಲ್ಲಿ ಎಂಜಿನ್ ಆಯಿಲ್ ಕುಡಿಯುತ್ತದೆ. ಆ ದಿನ ಸಂಜೆ ಹೊರಡುವ ಮುಂಚೆ ಕಡ್ಡಿ ಎಳೆದು ನೋಡಿದರೆ ಲೆವೆಲ್ ಎರಡು ಗುರುತಿನ ನಡುವಿಗೆ ಇಳಿದಿತ್ತು, ಅರ್ಧ ಲೀಟರ್ ಹಿಡಿಯಿತು. ಹೆದ್ದಾರಿಯಲ್ಲಿ ಸಂಖ್ಯೆ 94ರಲ್ಲಿ ನಿಂತಿತು. ಐದನೇ ಪುಟ ಬದಲಿಸಲು ಮನಸ್ಸಾಗಲಿಲ್ಲ, ಮನೆ ತಲುಪುವವರೆಗೂ ಅದೇ ಇತ್ತು. ವಾರದೊಳಗೆ ಆಯಿಲ್ ಬದಲಿಸಿದೆ. ಟ್ರೇಗೆ ಬಿದ್ದದ್ದು ಮಸಿಯ ಹಾಗೆ ಕಪ್ಪಗಿತ್ತು, ಸುಟ್ಟ ವಾಸನೆ. ಎರಡು ಸಾವಿರ ಕಿಲೋಮೀಟರ್ ಕೂಡ ಓಡಿರದ ಆಯಿಲ್ ಅದು.