‘ಯೂ ಟರ್ನ್’ ಮತ್ತೊಮ್ಮೆ ನೋಡಿದಾಗ

ಪವನ್ ಕುಮಾರ್ ನಿರ್ದೇಶನದ, 2016ರಲ್ಲಿ ತೆರೆಕಂಡ ‘ಯೂ ಟರ್ನ್’ ಚಿತ್ರವನ್ನು ಮೊನ್ನೆ ಎರಡನೆಯ ಬಾರಿ ನೋಡಿದೆ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ, ಮುಂದೆ ಹೋಗಿ ತಿರುಗಿ ಬರುವಷ್ಟು ತಾಳ್ಮೆಯಿಲ್ಲದ ಬೈಕ್ ಸವಾರರು ವಿಭಜಕದ ಕಲ್ಲುಗಳನ್ನು ಸರಿಸಿ ದಾರಿ ಮಾಡಿಕೊಳ್ಳುವುದನ್ನು ಗಮನಿಸಿದ ಯುವ ಪತ್ರಕರ್ತೆಯೊಬ್ಬಳು, ಅಂಥವರ ಬಗ್ಗೆ ವರದಿ ಬರೆಯಹೊರಟಾಗ, ಅವರೆಲ್ಲ ಸತ್ತಿರುವುದು ತಿಳಿಯುತ್ತದೆ. ನಾವು ದಿನವೂ ಕಂಡು ಸುಮ್ಮನಾಗುವ ತಪ್ಪೊಂದರಿಂದ ಇಷ್ಟು ಭಯ ಹುಟ್ಟಿಸಿದ್ದು ದೊಡ್ಡ ಮಾತು.

ರಚನಾ ಪಾತ್ರದಲ್ಲಿ ಶ್ರದ್ಧಾ ಶ್ರೀನಾಥ್ ಅವರ ಅಭಿನಯವನ್ನು ಎಷ್ಟು ಹೊಗಳಿದರೂ ಸಾಲದು. ಠಾಣೆಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಬೀಳುವಾಗ, ತಾನು ಹೇಳುತ್ತಿರುವ ಸತ್ಯವೇ ತನಗೆ ಉರುಳಾಗುತ್ತಿದೆ ಎಂಬ ಅಳುಕು ಅವರ ಕಣ್ಣಿನಲ್ಲಿಯೇ ಕಾಣುತ್ತದೆ. ಅವಳನ್ನು ನಂಬುವ ಪೊಲೀಸ್ ಅಧಿಕಾರಿ ನಾಯಕ್ ಆಗಿ ರೋಜರ್ ನಾರಾಯಣ್ ಅವರದು ಅಷ್ಟೇ ಹದವಾದ ನಟನೆ.

ಕೊನೆ ಮಾತ್ರ ಈ ಸಲವೂ ನಿರಾಸೆ ತಂದಿತು. (ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳಿತು.) ಸುಳಿವಿಗೆ ಸುಳಿವು ಪೋಣಿಸುತ್ತ ಬಂದ ತನಿಖೆಯು ಪ್ರೇತದ ಸೇಡಿನಲ್ಲಿ ಮುಗಿದಾಗ, ಪ್ರೇಕ್ಷಕನು ಅಷ್ಟು ಹೊತ್ತು ಲೆಕ್ಕ ಹಾಕಿದ್ದೆಲ್ಲ ವ್ಯರ್ಥವಾಗುತ್ತದೆ. ಆ ಸವಾರರ ಸಾವಿಗೆ ಮನುಷ್ಯರ ನಡುವೆಯೇ ಕಾರಣ ಸಿಕ್ಕಿದ್ದರೆ, ರಚನಾಳ ಹುಡುಕಾಟಕ್ಕೆ ತಕ್ಕ ಬೆಲೆ ಸಿಗುತ್ತಿತ್ತು.